ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ: ಕೆಜಿಎಫ್ ಆಳದಲ್ಲಿ ಮ್ಯೂಆನ್ ಎಣಿಸಿದ ಕಥೆ

(ನಮ್ಮ ತಾಲ್ಲೂಕಿನ ಲೈಬ್ರರಿಯಲ್ಲಿ ಒಂದು ಭಾನುವಾರ ಮಾತಾಡಿದ್ದು. ಬರೆದು ಹಾಕಿ ಅಂತ ಕೆಲವರು ಕೇಳಿದರು. ನೋಟ್ಸ್ ಅಂತ ಏನೂ ಇರಲಿಲ್ಲ, ನೆನಪಿದ್ದಷ್ಟು ಬರೆದಿದ್ದೇನೆ. ಅಲ್ಲಿ ಅವಸರದಲ್ಲಿ ಬಿಟ್ಟದ್ದು ಒಂದೆರಡು ಇಲ್ಲಿ ಸೇರಿಕೊಂಡಿವೆ.)

ಮಾತು ಶುರುವಾಗುವ ಮೊದಲೇ, ಮ್ಯೂಆನ್ ಅನ್ನುವ ಕಣಗಳನ್ನು ಎಣಿಸಿ ತೋರಿಸಲು ತಂದಿದ್ದ ನನ್ನ ಪೆಟ್ಟಿಗೆ ಕೈಕೊಟ್ಟಿತು. ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದ್ದೇ ತಡ, ಬಿಡುವೇ ಇಲ್ಲದೆ ಕೀ ಕೀ ಅಂತ ಕೂಗತೊಡಗಿತು. ಮುಂದಿನ ಸಾಲಿನ ಮಕ್ಕಳು ನಕ್ಕರು. ಬರಬೇಕಾಗಿದ್ದದ್ದು ನಿಮಿಷಕ್ಕೆ ಐದಾರು ಸಲ, ಒಂದೊಂದು ಸಣ್ಣ ಸದ್ದು, ಅಷ್ಟೇ. ಬಿಚ್ಚಿ ನೋಡಿದರೆ ಕಪ್ಪು ಟೇಪಿನ ಅಂಚು ಎದ್ದಿತ್ತು. ಬಸ್ಸಿನಲ್ಲಿ ಬಿಸಿಲಿನ ಕಡೆ ಇಟ್ಟುಕೊಂಡು ಕೂತಿದ್ದು ನನ್ನದೇ ತಪ್ಪು, ಅಂಟು ಸಡಿಲವಾಗಿತ್ತು. ಹೊಸ ಟೇಪ್ ಸುತ್ತಿದ ಮೇಲೆ ಪೆಟ್ಟಿಗೆ ಬುದ್ಧಿ ಕಲಿತಂತೆ ಸುಮ್ಮನಾಯಿತು. ಹತ್ತು ಸೆಕೆಂಡಿಗೋ ಹದಿನೈದು ಸೆಕೆಂಡಿಗೋ ಒಂದು ಸಲ ಕೀ.

ಒಳಗೆ ಇರುವುದು ಎರಡು ಪ್ಲಾಸ್ಟಿಕ್ ಬಿಲ್ಲೆ. 5 ಸೆಂ.ಮೀ. ಚೌಕ, ಒಂದು ಬಿಸ್ಕತ್ತಿನಷ್ಟು. ಒಂದರ ಮೇಲೊಂದು, ನಡುವೆ 5 ಸೆಂ.ಮೀ. ಜಾಗ. ಈ ಪ್ಲಾಸ್ಟಿಕ್ಕಿಗೆ ಸಿಂಟಿಲೇಟರ್ ಅಂತಾರೆ. ವಿದ್ಯುತ್ ಚಾರ್ಜ್ ಇರುವ ಕಣವೊಂದು ಹಾದುಹೋದರೆ ಇದರೊಳಗೆ ಚೂರು ಬೆಳಕು ಹುಟ್ಟುತ್ತದೆ. ನಮ್ಮ ಕಣ್ಣಿಗೆ ಕಾಣುವಷ್ಟಲ್ಲ, ಆದರೆ ಅಂಟಿಸಿದ ಸಣ್ಣ ಸೆನ್ಸರಿಗೆ ಸಾಕು. ಹೊರಗಿನ ಬೆಳಕು ಒಂದಿಷ್ಟು ನುಗ್ಗಿದರೂ ಕೆಲಸ ಕೆಟ್ಟಿತು, ಅದಕ್ಕೇ ಫಾಯಿಲ್, ಅದರ ಮೇಲೆ ಕಪ್ಪು ಟೇಪು. ಬಿಲ್ಲೆ ಎರಡು ಯಾಕೆ? ಒಂದೇ ಇದ್ದರೆ ಗೋಡೆಯಲ್ಲಿರುವ ವಿಕಿರಣ, ಸೆನ್ಸರಿನದೇ ಗದ್ದಲ, ಎಲ್ಲದಕ್ಕೂ ಕೂಗುತ್ತದೆ. ಎರಡೂ ಒಟ್ಟೊಟ್ಟಿಗೆ, ಒಂದು ಸೆಕೆಂಡಿನ ಕೋಟಿಯ ಒಂದು ಭಾಗದಷ್ಟು ಅಂತರದಲ್ಲಿ ಮಿನುಗಿದರೆ ಮಾತ್ರ ಲೆಕ್ಕಕ್ಕೆ ತಗೋ ಅಂತ ಹೇಳಿಟ್ಟರೆ, ಆಗ ಉಳಿಯುವುದು ಎರಡನ್ನೂ ತೂರಿಕೊಂಡು ಹೋದ ಕಣ. ಅದು ಬಹುಮಟ್ಟಿಗೆ ಮ್ಯೂಆನ್.

ಮ್ಯೂಆನ್ ಅಂದರೆ ಎಲೆಕ್ಟ್ರಾನಿನ ದಪ್ಪ ಅಣ್ಣ ಅಂದುಕೊಳ್ಳಿ. ತೂಕ 207 ಪಟ್ಟು, ಚಾರ್ಜ್ ಅಷ್ಟೇ. 1936ರಲ್ಲಿ ಆಂಡರ್ಸನ್ ಮತ್ತು ನೆಡರ್‌ಮೇಯರ್ ಗುರುತಿಸಿದ್ದು. ಆಕಾಶದ ಆಳದಿಂದ ಪ್ರೋಟಾನುಗಳು ಬಂದು ನಮ್ಮ ವಾತಾವರಣಕ್ಕೆ ಬಡಿಯುತ್ತವೆ, ಅವೇ ಕಾಸ್ಮಿಕ್ ಕಿರಣ. ಬಡಿದ ಜಾಗದಲ್ಲಿ ಪಯಾನು ಅನ್ನುವ ಅಲ್ಪಾಯುಷಿ ಕಣಗಳು ಹುಟ್ಟುತ್ತವೆ, ಪಯಾನು ಒಡೆದು ಮ್ಯೂಆನ್ ಆಗುತ್ತದೆ. ಇದೆಲ್ಲ ನಡೆಯುವುದು ಸುಮಾರು 15 ಕಿ.ಮೀ. ಮೇಲೆ. ಮ್ಯೂಆನಿನ ಆಯಸ್ಸು ಸರಾಸರಿ 2.2 ಮೈಕ್ರೋಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರ್ ದಾಟೋದಿಲ್ಲ. ಹಾಗಾದರೆ ಈ ಮೇಜಿನವರೆಗೆ ಹೇಗೆ ಬಂತು? ಅಷ್ಟು ವೇಗದಲ್ಲಿ ಓಡುವವರ ಗಡಿಯಾರ ನಮಗೆ ನಿಧಾನವಾಗಿ ನಡೆದಂತೆ ಕಾಣುತ್ತದೆ. ಐನ್‌ಸ್ಟೈನ್ ಹೇಳಿದ್ದು ಇಲ್ಲಿ, ಈ ಲೈಬ್ರರಿಯಲ್ಲಿ, ಪ್ರತಿ ಹತ್ತು ಸೆಕೆಂಡಿಗೊಮ್ಮೆ ಕೀ ಅನ್ನುತ್ತಿದೆ.

ಈಗ ಲೆಕ್ಕ. ನೆಲಮಟ್ಟದಲ್ಲಿ ಒಂದು ಚದರ ಮೀಟರಿಗೆ ನಿಮಿಷಕ್ಕೆ ಸುಮಾರು 10,000 ಮ್ಯೂಆನ್. ಈ ಹಾಲ್ 100 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ನಾನು ಒಂದು ಗಂಟೆ ಮಾತಾಡಿದರೆ ಅಷ್ಟರಲ್ಲಿ 6 ಕೋಟಿ ಹಾದುಹೋಗಿರುತ್ತವೆ. ನಿಮ್ಮ ತಲೆ, ಕುರ್ಚಿ, ನೆಲ ಎಲ್ಲ ದಾಟಿ ಕೆಳಗೆ. ಇದೇ ಹಾಲನ್ನು ಹಾಗೇ ಎತ್ತಿ ಕೆನಡಾದ ಸಡ್‌ಬರಿಯ ನಿಕಲ್ ಗಣಿಯಲ್ಲಿ, 2 ಕಿ.ಮೀ. ಆಳದಲ್ಲಿ ಇಡೋಣ. ಅಲ್ಲಿ ಎಸ್‌ಎನ್‌ಒ ಅನ್ನುವ ನ್ಯೂಟ್ರಿನೊ (ಚಾರ್ಜ್ ಇಲ್ಲದ, ಬಂಡೆಯನ್ನೂ ಸಲೀಸಾಗಿ ತೂರುವ ಕಣ) ಪ್ರಯೋಗ ನಡೆಸಿದವರು ಅಳೆದಿದ್ದಾರೆ: ಚದರ ಮೀಟರಿಗೆ ದಿನಕ್ಕೆ 0.27. ಅಂದರೆ ನಮ್ಮ ಹಾಲಿಗೆ ಗಂಟೆಗೆ ಒಂದು. 6 ಕೋಟಿ ಇದ್ದದ್ದು ಒಂದಕ್ಕೆ ಇಳಿಯಿತು. ಬಂಡೆ ಮಾಡಿದ ಕೆಲಸ ಇದು.

ಬಂಡೆ ಹೇಗೆ ತಡೆಯುತ್ತದೆ ಅಂದರೆ, ಮ್ಯೂಆನ್ ಹೋಗುವ ದಾರಿಯಲ್ಲೆಲ್ಲ ಪರಮಾಣುಗಳಿಗೆ ಚೂರು ಚೂರು ಶಕ್ತಿ ಸುಂಕ ಕಟ್ಟುತ್ತಾ ಹೋಗುತ್ತದೆ. ಕೋಲಾರದ ಬಂಡೆ ನೀರಿಗಿಂತ ಮೂರು ಪಟ್ಟು ತೂಕ, ಮಾಮೂಲಿ ಗ್ರಾನೈಟಿಗಿಂತಲೂ ಭಾರ. ಅಂಥ ಬಂಡೆಯಲ್ಲಿ ಒಂದು ಮೀಟರ್ ದಾಟಲು ಸುಮಾರು 0.6 ಜಿಇವಿ (ಕಣಗಳ ಶಕ್ತಿ ಅಳೆಯುವ ಮಾನ) ಖರ್ಚು. ನೆಲಮಟ್ಟಕ್ಕೆ ಬರುವ ಮ್ಯೂಆನಿನ ಜೇಬಿನಲ್ಲಿ ಸರಾಸರಿ ಇರುವುದೇ 4 ಜಿಇವಿ. ಆರೇಳು ಮೀಟರಿಗೆ ಜೇಬು ಖಾಲಿ. ಆದರೆ ಸರಾಸರಿ ಅನ್ನುವುದು ಬಡವರ ಲೆಕ್ಕ, ಗುಂಪಿನಲ್ಲಿ ಅಪರೂಪಕ್ಕೆ ಭಾರೀ ಸಾಹುಕಾರರೂ ಇರುತ್ತಾರೆ. 2 ಕಿ.ಮೀ. ದಾಟಿ ಬರಬೇಕಾದರೆ ಹಲವು ಸಾವಿರ ಜಿಇವಿ ಬೇಕು, ಯಾಕೆಂದರೆ ಶಕ್ತಿ ಜಾಸ್ತಿ ಇದ್ದವರಿಗೆ ಬಂಡೆ ಬೇರೆ ಥರದ ಸುಂಕವನ್ನೂ ಹಾಕುತ್ತದೆ, ದಾರಿಯಲ್ಲಿ ಫೋಟಾನುಗಳನ್ನೂ ಎಲೆಕ್ಟ್ರಾನ್ ಜೋಡಿಗಳನ್ನೂ ಉದುರಿಸಿಕೊಂಡು ಹೋಗಬೇಕಾಗುತ್ತದೆ. ಹಾಗಾಗಿ ಯಾವ ಆಳದಲ್ಲಿ ಎಷ್ಟು ಮ್ಯೂಆನ್ ಸಿಕ್ಕಿತು ಅಂತ ಎಣಿಸಿದರೆ, ಮೇಲೆ ಎಷ್ಟು ಶಕ್ತಿಯವು ಎಷ್ಟು ಹುಟ್ಟುತ್ತಿವೆ ಅಂತ ಹೇಳಬಹುದು. ಗಣಿಯೇ ಜರಡಿ. ಮ್ಯೂಆನಿನ ಶಕ್ತಿ ಅಳೆಯುವ ದುಬಾರಿ ಯಂತ್ರ ಬೇಕಿಲ್ಲ, ಲಿಫ್ಟಿನಲ್ಲಿ ಎಷ್ಟು ಕೆಳಗೆ ಇಳಿದೆವು ಅನ್ನುವುದೇ ಅಳತೆ.

ಇಲ್ಲಿಗೆ ಕೋಲಾರ ಬರುತ್ತದೆ.

1951ರಲ್ಲಿ ಬಿ.ವಿ. ಶ್ರೀಕಂಠನ್ ವಿಕಿರಣ ಎಣಿಸುವ ಗೈಗರ್ ಕೌಂಟರುಗಳನ್ನು ತೆಗೆದುಕೊಂಡು ಕೆಜಿಎಫ್‌ನ ಗಣಿಗೆ ಇಳಿದರು. ನಂಜನಗೂಡಿನಲ್ಲಿ ಹುಟ್ಟಿದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ಆಗ ಬೊಂಬಾಯಿಯ ಟಾಟಾ ಸಂಸ್ಥೆಯಲ್ಲಿ, ಅಂದರೆ ಟಿಐಎಫ್‌ಆರ್‌ನಲ್ಲಿ, ಹೋಮಿ ಭಾಭಾ ಅವರ ವಿದ್ಯಾರ್ಥಿ. ವಯಸ್ಸು 26. ಮುಂದೆ 1975ರಿಂದ 1987ರವರೆಗೆ ಅದೇ ಸಂಸ್ಥೆಯ ನಿರ್ದೇಶಕರಾದರು. ಭಾಭಾ ಅವರಿಗೆ ಈ ಕಡೆಯ ನಂಟು ಮೊದಲೇ ಇತ್ತು. 1939ರಲ್ಲಿ ರಜಕ್ಕೆ ಬಂದವರು ಯುದ್ಧ ಶುರುವಾಗಿ ಇಂಗ್ಲೆಂಡಿಗೆ ವಾಪಸ್ ಹೋಗಲಾಗದೆ ಬೆಂಗಳೂರಿನಲ್ಲಿ ನಿಂತರು, ಇಲ್ಲಿಯೇ ಕಾಸ್ಮಿಕ್ ಕಿರಣದ ಕೆಲಸ ಹೂಡಿದರು. ಟಿಐಎಫ್‌ಆರ್ ಶುರುವಾದದ್ದೂ 1945ರಲ್ಲಿ ಬೆಂಗಳೂರಿನಲ್ಲೇ, ಆಮೇಲೆ ಬೊಂಬಾಯಿಗೆ ಹೋಯಿತು. ಇದನ್ನು ಹೇಳಿದಾಗ ಹಾಲಿನಲ್ಲಿ ಒಂದಿಷ್ಟು ಜನ 'ಹೌದಾ' ಅಂದರು.

ಮೊದಲ ಸಲ ಇಳಿದ ಆಳ ಸುಮಾರು 300 ಮೀಟರ್. ಅಲ್ಲಿಯ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಜಾಸ್ತಿ ಆಳ ಇತ್ತು, ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಹಂತ ಹಂತವಾಗಿ ಮಟ್ಟಗಳು, ಪ್ರತಿ ಮಟ್ಟದಲ್ಲೂ ಅಡ್ಡ ಸುರಂಗ, ಇಳಿಯಲು ಕೇಜು, ಆಳದಲ್ಲೂ ಕರೆಂಟು, ಗಾಳಿ. ಭೌತವಿಜ್ಞಾನಿಗೆ ಇಷ್ಟು ಅನುಕೂಲದ ಜರಡಿ ಬೇರೆಲ್ಲಿ ಸಿಗಬೇಕು? ಚಿನ್ನ ತೆಗೆಯಲು ಯಾರೋ ಎಪ್ಪತ್ತು ವರ್ಷ ಕೊರೆದ ಗುಂಡಿಯಲ್ಲಿ ಇವರು ಪುಕ್ಕಟೆ ಕೂತು ಎಣಿಸಬಹುದಿತ್ತು. ಪುಕ್ಕಟೆ ಅಂದರೂ ಸುಖ ಇರಲಿಲ್ಲ. ತೀರಾ ಕೆಳಗೆ ಬಂಡೆಯ ಬಿಸಿ 65 ಡಿಗ್ರಿಯವರೆಗೆ ಹೋಗುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿಯುವುದೂ ಇತ್ತು, ಅದಕ್ಕೆ ಕೆಜಿಎಫ್‌ನಲ್ಲಿ ಏರ್ ಬ್ಲಾಸ್ಟ್ ಅನ್ನುತ್ತಿದ್ದರು. ಸಾಮಾನೆಲ್ಲ ಗಣಿ ಕೆಲಸಗಾರರು ಓಡಾಡುವ ಕೇಜಿನಲ್ಲೇ ಇಳಿಯಬೇಕು. ಕೇಜಿನ ಬಾಗಿಲಿಗಿಂತ ದೊಡ್ಡದು ಏನನ್ನೂ ಕಟ್ಟುವ ಹಾಗಿಲ್ಲ. ಕಟ್ಟುವುದಿದ್ದರೆ ಬಿಡಿಭಾಗ ಇಳಿಸಿ ಕೆಳಗೇ ಕಟ್ಟಬೇಕು.

ಎಲ್ಲರೂ ಹೇಳುವ ಕೆಜಿಎಫ್ ಕಥೆ 1965ರದ್ದು, ನ್ಯೂಟ್ರಿನೊ ಸಿಕ್ಕ ಕಥೆ. ನಾನೂ ಹೇಳುತ್ತೇನೆ. ಆದರೆ ನನಗೆ ಅದಕ್ಕಿಂತ ಇಷ್ಟವಾದದ್ದು ಅದಕ್ಕೆ ಮೂರು ವರ್ಷ ಮುಂಚಿನ ಒಂದು ಸೊನ್ನೆ.

1960ರ ದಶಕದ ಶುರುವಿನಲ್ಲಿ ಮಿಯಾಕೆ, ನರಸಿಂಹಮ್, ರಮಣಮೂರ್ತಿ ಈ ಮೂವರು ಕೆಜಿಎಫ್‌ನ ಬೇರೆ ಬೇರೆ ಮಟ್ಟಗಳಲ್ಲಿ ಮ್ಯೂಆನ್ ಎಣಿಸಿದರು. ಮಿಯಾಕೆ ಜಪಾನಿನವರು, ಒಸಾಕಾ ಸಿಟಿ ವಿಶ್ವವಿದ್ಯಾಲಯದವರು. ಇವರ ಜರಡಿಯ ಮೊದಲ ಮೆಟ್ಟಿಲು ಸುಮಾರು 800 ಮೀಟರ್ ನೀರಿಗೆ ಸಮ, ಕೊನೆಯ ಮೆಟ್ಟಿಲು ಸುಮಾರು 8,400 ಮೀಟರ್ ನೀರಿಗೆ ಸಮ. ಆಳವನ್ನು ನೀರಿನ ಲೆಕ್ಕದಲ್ಲಿ ಯಾಕೆ ಹೇಳುತ್ತಾರೆ ಅಂದರೆ, ಊರೂರಿಗೆ ಬಂಡೆ ಬೇರೆ. ಎಲ್ಲವನ್ನೂ ನೀರಿಗೆ ಇಳಿಸಿದರೆ ಕೋಲಾರವನ್ನೂ ಕೆನಡಾವನ್ನೂ ಪಕ್ಕ ಪಕ್ಕ ಇಟ್ಟು ನೋಡಬಹುದು. ಆ ಕೊನೆಯ ಮೆಟ್ಟಿಲು ನಿಜವಾದ ಅಳತೆಯಲ್ಲಿ 2.7 ಕಿ.ಮೀ.ಗಿಂತ ಕೆಳಗೆ.

ಪ್ರತಿ ಮೆಟ್ಟಿಲಿಗೂ ಎಣಿಕೆ ಕುಸಿಯುತ್ತಾ ಹೋಯಿತು. ಕೊನೆಯ ಮೆಟ್ಟಿಲಲ್ಲಿ ಎರಡು ತಿಂಗಳು ಕೂತರು. ಒಂದೂ ಬರಲಿಲ್ಲ.

ಇಲ್ಲಿ ಒಬ್ಬ ಹುಡುಗ ಕೈ ಎತ್ತಿದ. "ಸಾರ್, ಪೆಟ್ಟಿಗೆ ಕೆಟ್ಟಿದ್ದರೆ?" ಅಂದ. ಬಹಳ ಒಳ್ಳೆಯ ಪ್ರಶ್ನೆ, ನಾನೇ ಅಲ್ಲಿಗೆ ಬರುವವನಿದ್ದೆ. ನನ್ನ ಪೆಟ್ಟಿಗೆ ಬೆಳಿಗ್ಗೆ ಕೂಗಾಡಿತು, ಕೆಟ್ಟಿದೆ ಅಂತ ಎಲ್ಲರಿಗೂ ಗೊತ್ತಾಯಿತು. ಸುಮ್ಮನೆ ಕೂತಿರುವ ಪೆಟ್ಟಿಗೆ ಕೆಟ್ಟಿದೆಯೋ ಸರಿಯಾಗಿದೆಯೋ ಯಾರು ಹೇಳಬೇಕು? ಒಂದು ಕೇಬಲ್ ಕಳಚಿದರೂ ಸೊನ್ನೆ, ವೋಲ್ಟೇಜ್ ಬಿದ್ದರೂ ಸೊನ್ನೆ, ನಿಜವಾಗಿ ಏನೂ ಬಾರದಿದ್ದರೂ ಸೊನ್ನೆ. ಸಿಕ್ಕಿದ್ದನ್ನು ನಂಬಿಸುವುದು ಸುಲಭ, ಸಿಗಲಿಲ್ಲ ಅನ್ನುವುದನ್ನು ನಂಬಿಸಬೇಕಾದರೆ ಮೈಯೆಲ್ಲ ಕಣ್ಣಾಗಿರಬೇಕು. ಇಂಥ ಕೆಲಸದಲ್ಲಿ ಉಪಾಯ ಎರಡು. ಬಿಲ್ಲೆ ಒಂದೊಂದನ್ನೇ ತೆಗೆದುಕೊಂಡರೆ ಅದು ಬಂಡೆಯ ಸಹಜ ವಿಕಿರಣಕ್ಕೆ ಮಿನುಗುತ್ತಲೇ ಇರುತ್ತದೆ, ಯಾಕೆಂದರೆ ಬಂಡೆಯಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಚೂರು ಚೂರು ಇದ್ದೇ ಇರುತ್ತವೆ. ಆ ಒಂಟಿ ಮಿನುಗು ದಿನಾ ಒಂದೇ ಸಮನೆ ಬರುತ್ತಿದ್ದರೆ ಉಪಕರಣ ಬದುಕಿದೆ ಅಂತ ಅರ್ಥ. ಇನ್ನೊಂದು, ಅದೇ ಸಾಮಾನು ಮೇಲಿನ ಮಟ್ಟದಲ್ಲಿ ಮ್ಯೂಆನನ್ನು ಸರಿಯಾಗಿ ಎಣಿಸುತ್ತಾ ಅಂತ ನೋಡುವುದು. ಎರಡೂ ಸರಿ ಇದ್ದು, ಎರಡು ಬಿಲ್ಲೆ ಒಟ್ಟಿಗೆ ಮಿನುಗಿದ್ದು ಮಾತ್ರ ಸೊನ್ನೆ ಅಂದರೆ, ಆ ಸೊನ್ನೆಗೆ ಬೆಲೆ ಇದೆ.

ಸೊನ್ನೆಯಿಂದ ಅಂಕಿ ತೆಗೆಯುವುದೂ ಸಾಧ್ಯ. ಹೊಸ ಊರಿಗೆ ಹೋಗಿ ಬಸ್ಸಿಗೆ ಕಾದಿದ್ದೀರಿ, ಎರಡು ಗಂಟೆಯಾದರೂ ಬಸ್ಸಿಲ್ಲ. ಬಸ್ಸೇ ಇಲ್ಲದ ಊರು ಅಂತ ಹೇಳುವ ಹಾಗಿಲ್ಲ, ಆದರೆ ಹತ್ತು ನಿಮಿಷಕ್ಕೊಂದು ಬಸ್ಸಿರುವ ಊರಂತೂ ಅಲ್ಲ, ಅಲ್ವಾ? ಅದೇ ಲೆಕ್ಕ. ಎರಡು ತಿಂಗಳಿಗೆ ಸರಾಸರಿ 2.3 ಮ್ಯೂಆನ್ ಬರುವ ಜಾಗವಾಗಿದ್ದರೆ, ಒಂದೂ ಬಾರದಿರುವ ಸಂಭವ ನೂರಕ್ಕೆ ಹತ್ತು. ಸರಾಸರಿ ಅದಕ್ಕಿಂತ ಜಾಸ್ತಿ ಇದ್ದಷ್ಟೂ ಸೊನ್ನೆ ಬೀಳುವುದು ಇನ್ನೂ ಕಷ್ಟ. ಆದ್ದರಿಂದ ಇಲ್ಲಿ ಇಷ್ಟಕ್ಕಿಂತ ಜಾಸ್ತಿ ಇಲ್ಲ ಅಂತ ಧೈರ್ಯವಾಗಿ ಬರೆದು ಸಹಿ ಹಾಕಬಹುದು.

ಈ ಸೊನ್ನೆ ಸಿಕ್ಕಿದ್ದೇ ಟಿಐಎಫ್‌ಆರ್‌ನವರಿಗೆ ಗೊತ್ತಾಯಿತು: ಮೇಲಿನ ಗದ್ದಲ ಮುಟ್ಟದ ಜಾಗ ನಮ್ಮ ಹತ್ತಿರ ಇದೆ. ಕಾಸ್ಮಿಕ್ ಕಿರಣದಿಂದ ಮ್ಯೂಆನ್ ಜೊತೆಗೆ ನ್ಯೂಟ್ರಿನೊಗಳೂ ಹುಟ್ಟುತ್ತವೆ. ಅವಕ್ಕೆ ಬಂಡೆ ಲೆಕ್ಕಕ್ಕೇ ಇಲ್ಲ, ಇಡೀ ಭೂಮಿಯನ್ನು ತೂರಿ ಆ ಕಡೆಯಿಂದ ಈ ಕಡೆ ಬರುತ್ತವೆ. ಎಲ್ಲೋ ಕೋಟಿಗೊಂದು ಬಂಡೆಯಲ್ಲಿ ಡಿಕ್ಕಿ ಹೊಡೆದು ಒಂದು ಮ್ಯೂಆನನ್ನು ಹುಟ್ಟಿಸುತ್ತದೆ. ಆ ಮ್ಯೂಆನನ್ನು ಹಿಡಿದರೆ ನ್ಯೂಟ್ರಿನೊ ಸಿಕ್ಕಂತೆ. ಆದರೆ ಅದೂ ಮ್ಯೂಆನ್, ಮೇಲಿಂದ ಬರುವುದೂ ಮ್ಯೂಆನ್. ಬೇರೆ ಮಾಡುವುದು ಹೇಗೆ? ದಿಕ್ಕು ನೋಡಿ. ಮೇಲಿಂದ ಬರುವುದು ನೆಟ್ಟಗೆ ಬರುತ್ತದೆ, ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಜಾಸ್ತಿಯಾಗಿ ದಾರಿಯಲ್ಲೇ ನಿಂತುಹೋಗುತ್ತದೆ. ಅಡ್ಡಡ್ಡ ಬಂದ ಮ್ಯೂಆನ್ ಸಿಕ್ಕಿತು ಅಂದರೆ ಅದು ಪಕ್ಕದ ಬಂಡೆಯಲ್ಲೇ ಹುಟ್ಟಿದ್ದು. ಹಾಲಿನಲ್ಲಿ ಇದನ್ನು ತೋರಿಸಲು ನನ್ನ ಪೆಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಿದೆ. ಕೀ ಸದ್ದು ಎಷ್ಟು ವಿರಳವಾಯಿತು ಅಂದರೆ ಮಕ್ಕಳು ಮತ್ತೆ ಕೆಟ್ಟುಹೋಯಿತು ಅಂದುಕೊಂಡರು.

ಹಾಗಾಗಿ 2.3 ಕಿ.ಮೀ. ಆಳದಲ್ಲಿ ಸಿಂಟಿಲೇಟರುಗಳನ್ನು ಗೋಡೆಯ ಹಾಗೆ ನಿಲ್ಲಿಸಿದರು, ಅಡ್ಡ ಬರುವವರನ್ನು ಹಿಡಿಯಲು. ಎರಡು ಗೋಡೆ, ನಡುವೆ ಸೀಸ, ಜೊತೆಗೆ ಸಾಲು ಸಾಲು ನಿಯಾನ್ ತುಂಬಿದ ಗಾಜಿನ ಕೊಳವೆ. ಕೊಳವೆಗಳ ಕೆಲಸ ನೋಡಲು ಚೆಂದ ಇದ್ದಿರಬೇಕು. ಎರಡೂ ಗೋಡೆ ಒಟ್ಟಿಗೆ ಮಿನುಗಿದ ಕ್ಷಣ ಕೊಳವೆಗಳಿಗೆ ದೊಡ್ಡ ವೋಲ್ಟೇಜು ಬಡಿಯುತ್ತದೆ. ಕಣ ಯಾವ ಯಾವ ಕೊಳವೆಯನ್ನು ತೂರಿ ಹೋಗಿತ್ತೋ ಅವು ಮಾತ್ರ ಕೆಂಪಗೆ ಹೊಳೆಯುತ್ತವೆ, ಎದುರಿಗೆ ಕಾದಿರುವ ಕ್ಯಾಮೆರಾ ಫೋಟೊ ತೆಗೆಯುತ್ತದೆ. ಕತ್ತಲ ಸುರಂಗದಲ್ಲಿ ಒಂದು ಗೆರೆ ಹೊಳೆದು ಆರಿಹೋಗುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ಫಿಲ್ಮ್ ತೊಳೆದ ಮೇಲೆಯೇ ಗೊತ್ತು. ಈ ಕೊಳವೆಯಲ್ಲಿ ಪಳಗಿದವರು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು, ಆರ್ನಾಲ್ಡ್ ವುಲ್ಫೆಂಡೇಲ್ ಅವರ ತಂಡ. ಟಿಐಎಫ್‌ಆರ್ ಕಡೆಯಿಂದ ಎಂ.ಜಿ.ಕೆ. ಮೆನನ್, ಒಸಾಕಾದಿಂದ ಮಿಯಾಕೆ.

1965ರಲ್ಲಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವಿನ ಗುರುತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ, 3 ಕಿ.ಮೀ.ಗಿಂತ ಆಳದಲ್ಲಿ, ಅಮೆರಿಕದ ಭೌತವಿಜ್ಞಾನಿ ಫ್ರೆಡರಿಕ್ ರೈನ್ಸ್ ತಂಡವೂ ಇದನ್ನೇ ಹುಡುಕುತ್ತಿತ್ತು. ಅವರಿಗೆ ಮೊದಲ ಘಟನೆ ಸಿಕ್ಕಿದ್ದು ಫೆಬ್ರವರಿ 23ರಂದು, ಕೆಜಿಎಫ್‌ಗಿಂತ ಮುಂಚೆ. ಅಚ್ಚಾದದ್ದು ಮಾತ್ರ ಕೆಜಿಎಫ್ ಲೇಖನ ಮೊದಲು: ಆಗಸ್ಟ್ 15ಕ್ಕೆ ಇವರದು, ಆಗಸ್ಟ್ 30ಕ್ಕೆ ಅವರದು. ಯಾರು ಮೊದಲು ಅಂತ ಈಗಲೂ ಜಗಳ ಆಡುವವರಿದ್ದಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಎರಡೂ ಚಿನ್ನದ ಗಣಿ ಅನ್ನುವುದು ಮಾತ್ರ ತಮಾಷೆಯಾಗಿದೆ, ಅಷ್ಟು ಆಳಕ್ಕೆ ಮನುಷ್ಯನನ್ನು ಇಳಿಸಲು ಬೇರೆ ಯಾವ ಆಸೆಗೂ ಶಕ್ತಿ ಇರಲಿಲ್ಲ.

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. 1980ರಲ್ಲಿ ಅದೇ 2.3 ಕಿ.ಮೀ. ಮಟ್ಟದಲ್ಲಿ 140 ಟನ್ನಿನ ಕಬ್ಬಿಣದ ಡಿಟೆಕ್ಟರ್ ಕಟ್ಟಿದರು, ಪ್ರೋಟಾನ್ ಒಡೆಯುತ್ತದಾ ಅಂತ ನೋಡಲು. ಒಡೆದಿರಬಹುದು ಅಂತ ಅನ್ನಿಸಿದ ಕೆಲವು ಘಟನೆ ಸಿಕ್ಕವು, ಸುದ್ದಿಯೂ ಆಯಿತು, ಬೇರೆಯವರ ದೊಡ್ಡ ಡಿಟೆಕ್ಟರುಗಳಲ್ಲಿ ಅದು ಕಾಣಲಿಲ್ಲ. 1990ರ ದಶಕದ ಶುರುವಿನಲ್ಲಿ ಪ್ರಯೋಗಗಳು ನಿಂತವು, 2001ರಲ್ಲಿ ಗಣಿಯೇ ಮುಚ್ಚಿತು. ಪಂಪು ನಿಲ್ಲಿಸಿದ ಮೇಲೆ ನೀರು ತುಂಬಿಕೊಂಡಿತು. ತಮಿಳುನಾಡಿನ ತೇಣಿ ಹತ್ತಿರ ಬೆಟ್ಟದ ಕೆಳಗೆ ಐಎನ್‌ಒ ಅಂತ ಹೊಸ ಪ್ರಯೋಗಶಾಲೆ ಕಟ್ಟುವ ಯೋಜನೆ ಬಂತು, 50,000 ಟನ್ ಕಬ್ಬಿಣದ ಡಿಟೆಕ್ಟರ್. ಸ್ಥಳೀಯರ ವಿರೋಧ, ಅನುಮತಿ, ಕೋರ್ಟು ಅಂತ ಅದು ಮೇಲೇಳಲೇ ಇಲ್ಲ. ಇಷ್ಟು ಒಳ್ಳೆಯ ಗುಂಡಿ ಕೈಯಲ್ಲಿದ್ದು ಕಳೆದುಕೊಂಡೆವಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಒಂದು ಪ್ರಯೋಗಕ್ಕಾಗಿ 3 ಕಿ.ಮೀ. ಗಣಿಯ ನೀರನ್ನು ಹಗಲೂ ರಾತ್ರಿ ಎತ್ತುತ್ತಾ ಇರಲು ಯಾರ ಕೈಲಾದೀತು, ಅದೂ ನಿಜ.

ಮ್ಯೂಆನ್ ಎಣಿಸುವುದೇನೂ ನಿಂತಿಲ್ಲ. ಇಟಲಿಯ ಗ್ರಾನ್ ಸಾಸೊ ಬೆಟ್ಟದ ಕೆಳಗೆ ವರ್ಷಗಟ್ಟಲೆ ಎಣಿಸಿದವರಿಗೆ ಒಂದು ವಿಚಿತ್ರ ಕಂಡಿತು: ಬೇಸಿಗೆಯಲ್ಲಿ ಜಾಸ್ತಿ, ಚಳಿಗಾಲದಲ್ಲಿ ಕಡಿಮೆ. ಸರಾಸರಿಯಿಂದ ಆ ಕಡೆ ಈ ಕಡೆ ನೂರಕ್ಕೆ ಒಂದೂವರೆಯಷ್ಟೇ. ಸಾವಿರಾರು ಅಡಿ ಬಂಡೆಯ ಕೆಳಗೆ ಬೇಸಿಗೆ ಹೇಗೆ ಗೊತ್ತಾಯಿತು? ಬೇಸಿಗೆಯಲ್ಲಿ ಮೇಲಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ತೆಳುವಾಗುತ್ತದೆ. ಪಯಾನು ಇನ್ನೊಂದು ಪರಮಾಣುವಿಗೆ ಡಿಕ್ಕಿ ಹೊಡೆದು ಹಾಳಾಗುವ ಬದಲು ಒಡೆದು ಮ್ಯೂಆನ್ ಆಗಲು ಜಾಸ್ತಿ ಅವಕಾಶ. ಸುರಂಗದೊಳಗೆ ಕೂತು ಇಪ್ಪತ್ತು ಕಿ.ಮೀ. ಮೇಲಿನ ಹವಾಮಾನ ಹೇಳಬಹುದು ಅಂತಾಯಿತು. ನಮ್ಮ ಪಕ್ಕದ ಊಟಿಯಲ್ಲೂ ಟಿಐಎಫ್‌ಆರ್‌ನ ಗ್ರೇಪ್ಸ್-3 ಅನ್ನುವ ಕಾಸ್ಮಿಕ್ ಕಿರಣದ ಪ್ರಯೋಗ ಇದೆ. ಅಲ್ಲಿ ಗಣಿ ಇಲ್ಲ, ಕಾಂಕ್ರೀಟನ್ನೇ ಎರಡು ಮೀಟರಿಗಿಂತ ಜಾಸ್ತಿ ಪೇರಿಸಿ ಅದರ ಕೆಳಗೆ 560 ಚದರ ಮೀಟರ್ ಮ್ಯೂಆನ್ ಡಿಟೆಕ್ಟರ್ ಇಟ್ಟಿದ್ದಾರೆ. 2014ರ ಡಿಸೆಂಬರ್ 1ರಂದು ಗುಡುಗು ಮಳೆ ಬಂದಾಗ ಅಲ್ಲಿ ಮ್ಯೂಆನ್ ಎಣಿಕೆ ನೂರಕ್ಕೆ ಎರಡರಷ್ಟು ಇಳಿಯಿತು. ಅದನ್ನು ಹಿಡಿದು ಲೆಕ್ಕ ಹಾಕಿದರೆ ಆ ಮೋಡದಲ್ಲಿ 130 ಕೋಟಿ ವೋಲ್ಟ್! ಮೋಡದೊಳಕ್ಕೆ ಬಲೂನು ಬಿಟ್ಟು ಅಳೆದವರಿಗೆ ಅದರ ಹತ್ತನೇ ಒಂದು ಭಾಗದಷ್ಟೇ ಸಿಕ್ಕಿತ್ತು.

ಕೊನೆಗೆ ಪ್ರಶ್ನೆಗಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು ಎದ್ದರು. ಅವರ ತಂದೆ ಮೂವತ್ತು ವರ್ಷ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದ್ದರಂತೆ. ಹಾಗಾದರೆ ನಮ್ಮಪ್ಪ ಕೆಳಗೆ ಇದ್ದಷ್ಟು ಹೊತ್ತು ಈ ಮ್ಯೂಆನ್ ಅವರ ಮೈಗೆ ಬೀಳುತ್ತಲೇ ಇರಲಿಲ್ಲವಾ, ಅಂತ ಕೇಳಿದರು. ಹೌದು, ಒಂದು ಪಾಳಿಯಲ್ಲಿ ಒಂದೂ ಬಿದ್ದಿರಲಾರದು, ಬಂಡೆಯದೇ ವಿಕಿರಣ ಬೇರೆ ಇರುತ್ತಿತ್ತು, ಆದರೆ ಮೇಲಿಂದ ಬೀಳುವುದು ಏನೂ ಇರುತ್ತಿರಲಿಲ್ಲ ಅಂದೆ.

ಅವರು ಒಂದು ಕ್ಷಣ ಸುಮ್ಮನಿದ್ದರು. "ಮೇಲಿಂದ ಏನೂ ಬೀಳ್ತಿರಲಿಲ್ಲ ಅನ್ನಬೇಡಿ ಸಾರ್," ಅಂದರು. "ಬಂಡೆ ಬೀಳ್ತಿತ್ತು."